ಎರಡು ನಳಿಗೆ, ಮೂರು ತೋಟೆ

ಮೇಲಿನ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಕಣ್ಣಿಟ್ಟೆ. ಕೂದಲೆಳೆಯಂಥ ಗೀರುಗಳು ಉಕ್ಕಿನ ಗೋಡೆಯ ಮೇಲೆ ಸುರುಳಿ ಸುತ್ತುತ್ತ ದೂರ ಹೋಗಿ, ತುದಿಯಲ್ಲಿ ಜೋಳದ ಕಾಳಿನಷ್ಟು ಬೆಳಕಿನಲ್ಲಿ ಕರಗುತ್ತಿದ್ದವು. ಕೆಳಗಿನ ನಳಿಗೆಯಲ್ಲಿ ಗೀರೇ ಇಲ್ಲ, ಕನ್ನಡಿಯಂಥ ನುಣುಪು. ಮೇಲಿನದು ಒಂದೇ ಗುಂಡನ್ನು ತಿರುಗಿಸುತ್ತ ನೇರವಾಗಿ ದೂರಕ್ಕೆ ಕಳಿಸುವ ರೈಫಲ್. ಕೆಳಗಿನದು ಹಿಡಿ ಚರೆಯನ್ನು ಬೀಜ ಎರಚಿದ ಹಾಗೆ ಹರಡಿ ಎಸೆಯುವ ಶಾಟ್‌ಗನ್. ಎರಡಕ್ಕೂ ಸೇರಿ ಒಂದೇ ಹಿಡಿಕೆ, ಒಂದೇ ಕೀಲು, ಒಂದೇ ಟ್ರಿಗರ್. ಅಳತೆಯ ಕೆಲಸದಲ್ಲೇ ಕೂದಲು ಬೆಳ್ಳಗಾಗುತ್ತಿದ್ದ ನನಗೆ ಅಂಥ ವಸ್ತು ಕೈಗೆ ಬಂದದ್ದು ಅದೇ ಮೊದಲು. ಬಹಳ ಹೊತ್ತು ಕೆಳಗಿಡಲು ಮನಸ್ಸಾಗಲಿಲ್ಲ.

ಕೋವಿಡ್ ಇನ್ನೂ ಪೂರ್ತಿ ಹೋಗಿರದ ಚಳಿಗಾಲ ಅದು. ಗೈದರ್ಸ್‌ಬರ್ಗಿನ ನಮ್ಮ ಲ್ಯಾಬು ಚಿಕ್ಕದು. ಬೇರೆಯವರು ತಯಾರಿಸಿದ ವಸ್ತುಗಳನ್ನು ಎಳೆದು, ಬಗ್ಗಿಸಿ, ಉಪ್ಪು ನೀರಿನ ಮಂಜಿನಲ್ಲಿಟ್ಟು, ಎತ್ತರದಿಂದ ಬೀಳಿಸಿ, ಎಷ್ಟು ತಾಳಿದವು ಎಂದು ಬರೆದುಕೊಡುವುದು ನಮ್ಮ ಕಸುಬು. ಆ ಸಲ ಬಂದ ಗಿರಾಕಿ ಕೆರೊಲಿನಾದ ಸಣ್ಣ ವಿಮಾನ ಕಂಪನಿ. ನೀರಿನ ಮೇಲೆ ಇಳಿಯುವ ನಾಲ್ಕಾರು ವಿಮಾನಗಳು ಅವರ ಬಳಿ ಇದ್ದವು. ಪ್ರತಿ ಬೇಸಿಗೆಯಲ್ಲಿ ಜೀವವಿಜ್ಞಾನಿಗಳನ್ನು ಕರೆದುಕೊಂಡು ದೂರದ ಉತ್ತರಕ್ಕೆ, ರಸ್ತೆಯೇ ಇಲ್ಲದ ಕೆರೆಗಳಿಗೆ ಹೋಗುತ್ತಿದ್ದರು. ವಿಮಾನ ಕೆಟ್ಟು ಅಲ್ಲೇ ಉಳಿದರೆ ಊಟಕ್ಕೂ ಕಾವಲಿಗೂ ಆಗುವ, ರೈಫಲ್ಲೂ ಶಾಟ್‌ಗನ್ನೂ ಕೂಡಿದ ಒಂದೇ ಬಂದೂಕು ಪ್ರತಿ ವಿಮಾನದಲ್ಲೂ ಇರಬೇಕು, ಯಾವುದು ಎಂದು ನೀವೇ ಆರಿಸಿಕೊಡಿ ಎಂದು ಕೇಳಿದ್ದರು.

ಕೆಲಸ ನನ್ನ ಪಾಲಿಗೆ ಬಂದದ್ದಕ್ಕೆ ಕಾರಣ ಜಾಣತನವಲ್ಲ, ಗ್ರೀನ್ ಕಾರ್ಡು. ನನ್ನ ಜೊತೆ ಕೆಲಸ ಮಾಡುವ ಮೈಸೂರಿನ ಹುಡುಗನೊಬ್ಬ ನನಗಿಂತ ಚೆನ್ನಾಗಿ ಯಂತ್ರಗಳನ್ನು ಬಲ್ಲ. ಆದರೆ ಅವನು ವರ್ಕ್ ವೀಸಾದ ಮೇಲಿದ್ದ.

"ಮೇಡಂ, ನಾನು ಎಕ್ಸೆಲ್ ಮುಟ್ತೀನಿ, ಗನ್ ಮುಟ್ಟಲ್ಲ," ಎಂದು ಕೈ ಮೇಲೆತ್ತಿದ. "ಲಾಯರ್‌ನ ಕೇಳ್ದೆ. ಟಚ್ ಕೂಡ ಮಾಡ್ಬೇಡ ಅಂದ್ರು."

"ಹಂಗಾರ ನಾ ಹೊಡೀತೀನಿ, ನೀ ಬರ್ಕೊ," ಎಂದೆ. ಧಾರವಾಡದ ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿ, ಮಣ್ಣಿನಲ್ಲಿ ಬೋರಲು ಮಲಗಿ ಪಾಯಿಂಟ್ ಟೂ ಟೂ ರೈಫಲ್ಲಿನಿಂದ ಒಂದಿಷ್ಟು ಗುಂಡು ಹಾರಿಸಿದ್ದು ಬಿಟ್ಟರೆ ನನಗೆ ಬೇರೆ ಅನುಭವವಿರಲಿಲ್ಲ.

ಸಿಕ್ಕಿದ್ದನ್ನೆಲ್ಲ ಸೋಸಿ ಕೊನೆಗೆ ಮೂರು ಬಂದೂಕು ಉಳಿದಿದ್ದವು. ದೊಡ್ಡದರ ಕೆಳಗಿನ ನಳಿಗೆ ಹನ್ನೆರಡು ಬೋರಿನದು, ಮೇಲಿನದು ಜಿಂಕೆಯನ್ನು ಕೆಡವಬಲ್ಲ ರೈಫಲ್. ನಡುವಿನದರಲ್ಲಿ ಇಪ್ಪತ್ತು ಬೋರಿನ ಮೇಲೆ ಪಾಯಿಂಟ್ ಟೂ ಟೂ; ಬೋರಿನ ಅಂಕಿ ಏರಿದಷ್ಟೂ ನಳಿಗೆ ಕಿರಿದು. ಸಣ್ಣದರ ಮೇಲಿನ ನಳಿಗೆಯೂ ಪಾಯಿಂಟ್ ಟೂ ಟೂ, ಕೆಳಗಿನದು ಮಾತ್ರ ಹೆಬ್ಬೆರಳು ತೂರದಷ್ಟು ಕಿರಿದು. ಅದು ಕೀಲಿನ ಹತ್ತಿರ ಪೂರ್ತಿ ಮಡಚಿಕೊಂಡು ಮೊಣಕೈಯಷ್ಟುದ್ದ ಆಗುತ್ತಿತ್ತು. ಮೂರರಲ್ಲಿ ಅದು ನನಗೆ ಆಟಿಕೆಯಂತೆ ಕಂಡಿತು.

ಇಂಥ ಬಂದೂಕಿನ ಕಷ್ಟವೆಲ್ಲ ಇರುವುದು ಎರಡು ನಳಿಗೆಗಳ ಹೊಂದಾಣಿಕೆಯಲ್ಲಿ. ಕಣ್ಣಿಗೆ ಸಿಗುವ ಗುರಿ ಒಂದೇ, ಆದರೆ ನಳಿಗೆಗಳು ಒಂದರ ಕೆಳಗೊಂದು ಇರುತ್ತವೆ. ಎರಡೂ ಒಂದೇ ಜಾಗಕ್ಕೆ ಬೀಳುವಂತೆ ಒಂದನ್ನು ಕೂದಲಷ್ಟು ವಾಲಿಸಿ ಬೆಸೆದಿರುತ್ತಾರೆ. ಗುಂಡು ಹಾರಿದಂತೆ ಮೇಲಿನ ನಳಿಗೆ ಕಾಯುತ್ತದೆ, ಕಾದ ಉಕ್ಕು ಹಿಗ್ಗುತ್ತದೆ, ತಣ್ಣಗಿರುವ ಕೆಳಗಿನ ನಳಿಗೆ ಅದನ್ನು ಹಿಡಿದೆಳೆಯುತ್ತದೆ. ಆಗ ಗುಂಡು ದಾರಿ ತಪ್ಪುತ್ತದೆ. ಊರಾಚೆಯ ಶೂಟಿಂಗ್ ರೇಂಜಿನಲ್ಲಿ ಬಾಗಿಲಷ್ಟಗಲದ ಕಾಗದ ಕಟ್ಟಿ, ಮೊದಲು ತಣ್ಣನೆಯ ನಳಿಗೆಯಿಂದ, ಆಮೇಲೆ ಕಾದದ್ದರಿಂದ, ಮತ್ತೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತೆಗೆದು ಹಾರಿಸಿದೆವು. ಹುಡುಗ ಕಾಗದದ ತೂತುಗಳ ನಡುವಿನ ದೂರ ಅಳೆದು ಬರೆದುಕೊಳ್ಳುತ್ತಿದ್ದ. ಎಷ್ಟು ಕಾಯಿಸಿದರೂ ದೊಡ್ಡ ಬಂದೂಕಿನ ತೂತುಗಳು ಒಂದು ಅಂಗೈಯೊಳಗೇ ಉಳಿದವು. ಯಾರೋ ಒಬ್ಬರು ಕುಲುಮೆಯ ಮುಂದೆ ಕೂತು ಎರಡು ಕೊಳವೆಗಳ ಜಗಳವನ್ನು ಅಷ್ಟು ನಯವಾಗಿ ಬಗೆಹರಿಸಿದ್ದಾರಲ್ಲ ಎಂದು ನಾನು ಬೆರಗಾಗಿ ನೋಡುತ್ತಿದ್ದೆ.

ತೊಂದರೆಗಳೂ ಬಂದವು. ನಡುವಿನದರಲ್ಲಿ ಯಾವ ನಳಿಗೆ ಎಂದು ಆರಿಸುವ ಗುಂಡಿ ಬಹಳ ಸಣ್ಣದು. ದಪ್ಪ ಕೈಗವಸು ತೊಟ್ಟು ಅದನ್ನು ಒತ್ತಿದಾಗ ಶಾಟ್‌ಗನ್ ಎಂದುಕೊಂಡು ರೈಫಲ್ ಹಾರಿಸಿಬಿಟ್ಟೆ. ಸಣ್ಣದರಲ್ಲಿ ಹಾರಿದ ತೋಟೆಯ ಖಾಲಿ ಸಿಪ್ಪೆಯನ್ನು ಬೆರಳಿನಿಂದಲೇ ಕೀಳಬೇಕು, ಒದ್ದೆಯಾದರೆ ಅದು ಹಿಡಿದುಕೊಳ್ಳುತ್ತಿತ್ತು. ಹನ್ನೆರಡು ಬೋರು ನನ್ನ ಹೆಗಲಿಗೆ ಬದನೆಕಾಯಿ ಬಣ್ಣ ಬಳಿಯಿತು. ಮನೆಯಲ್ಲಿ ಅದನ್ನು ನೋಡಿದ ಮಗಳು, "ಅಮ್ಮಾ, ಗನ್ ನಿಂಗೇ ಶೂಟ್ ಮಾಡ್ತಾ ಇದೆ," ಎಂದಳು.

ಆದರೂ ಅಂಕಗಳಲ್ಲಿ ದೊಡ್ಡದೇ ಗೆದ್ದಿತು. ವರದಿ ಬರೆಯುವುದಷ್ಟೇ ಬಾಕಿ ಇದ್ದಾಗ ಕಂಪನಿಯ ಹಿರಿಯ ಪೈಲಟ್ ನಮ್ಮ ರೇಂಜಿಗೆ ಬಂದರು. ಐವತ್ತು ದಾಟಿದ ಹೆಂಗಸು, ಬೂದು ಕೂದಲ ಜಡೆ, ಮಾತು ಕಡಿಮೆ. ಅವರ ಇಂಗ್ಲಿಷನ್ನು ಇಲ್ಲಿ ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ. ಕಾಗದಗಳನ್ನೆಲ್ಲ ಗೌರವದಿಂದ ನೋಡಿ ಅವರು ಒಂದೇ ಪ್ರಶ್ನೆ ಕೇಳಿದರು.

"ಇದನ್ನ ಎಲ್ಲಿ ಇಡ್ತೀರಿ?"

"ಸೀಟಿನ ಹಿಂದೆ. ಪ್ಯಾಡಿಂಗ್ ಇರೋ ಕೇಸಲ್ಲಿ, ಸ್ಟ್ರಾಪ್ ಹಾಕಿ."

"ನಾನು ವಿಮಾನದಿಂದ ಹೊರಗೆ ಬರೋವಾಗ ಕೈಯಲ್ಲಿ ಏನೂ ಹಿಡ್ಕೊಂಡು ಬರೋಕಾಗಲ್ಲ," ಎಂದರು. "ಮೈಮೇಲೆ ಇದ್ದದ್ದು ಮಾತ್ರ ಬರತ್ತೆ. ನನಗೆ ಸಣ್ಣದೇ ಬೇಕು."

"ಅದು ಅಳಿಲಿಗೆ ಸಾಕು. ಕರಡಿ ಬಂದರೆ?"

"ಕರಡಿಗೆ ಖಾರದ ಸ್ಪ್ರೇ ಇದೆ."

ವಾದ ಅಲ್ಲಿಗೇ ನಿಂತಿತು. ಕೊನೆಗೆ, ಎರಡನ್ನೂ ವಿಮಾನದಲ್ಲೇ ಇಟ್ಟು ಹಾರಿ, ಎಲ್ಲಿ ಕೂರುತ್ತದೆ, ಹೇಗೆ ತೆಗೆಯಲಾಗುತ್ತದೆ ಎಂದು ನೋಡೋಣ ಎಂದಾಯಿತು. ನಾನು ಉತ್ತರ ಕೆರೊಲಿನಾದ ಪೂರ್ವದ ಅಂಚಿಗೆ ಡ್ರೈವ್ ಮಾಡಿಕೊಂಡು ಹೋದೆ. ಅಲ್ಲಿ ನೆಲ ಮುಗಿಯುವುದೂ ನೀರು ಶುರುವಾಗುವುದೂ ಗೊತ್ತಾಗುವುದಿಲ್ಲ. ಜೌಗು, ಹೊಲ, ಮತ್ತೆ ಜೌಗು. ನೀರೆಲ್ಲ ಚಹಾದ ಬಣ್ಣ.

ಬೆಳಕು ಹರಿಯುತ್ತಿದ್ದಂತೆ ನದಿಯಿಂದ ಮೇಲೆದ್ದೆವು. ದೊಡ್ಡ ಬಂದೂಕು ನನ್ನ ಸೀಟಿನ ಹಿಂದೆ ಕೇಸಿನಲ್ಲಿತ್ತು. ಸಣ್ಣದನ್ನು ಪೈಲಟ್ ಕ್ಯಾನ್ವಾಸ್ ಚೀಲದಲ್ಲಿ ತೊಡೆಗೆ ಕಟ್ಟಿಕೊಂಡಿದ್ದರು. ಅದರ ಹಿಡಿಕೆಯ ಟೊಳ್ಳಿನಲ್ಲಿ ಐದು ಚರೆ ತೋಟೆಗಳು, ಒಂದು ಹಿಡಿ ಟೂ ಟೂ ಗುಂಡುಗಳು. ಹಾರುವಾಗ ಕೆಳಗಿನ ಹೊಲಗಳನ್ನು ತೋರಿಸುತ್ತ, "ಚಳಿಗಾಲದಲ್ಲಿ ಆರ್ಕ್ಟಿಕ್‌ನಿಂದ ಹಂಸಗಳು ಇಲ್ಲಿಗೆ ಬರ್ತವೆ," ಎಂದರು ಪೈಲಟ್. "ರಾತ್ರಿ ಕೆರೆಯಲ್ಲಿ ಮಲಗ್ತವೆ, ಬೆಳಿಗ್ಗೆ ಎದ್ದು ಈ ಹೊಲಗಳಿಗೆ ಮೇಯೋಕೆ ಹೋಗ್ತವೆ. ನಾನು ಬೇಸಿಗೆಯಲ್ಲಿ ಎಲ್ಲಿಗೆ ಹೋಗ್ತೀನೋ ಅವು ಅಲ್ಲಿಂದಲೇ ಬಂದಿರೋದು."

ಸ್ವಲ್ಪ ಹೊತ್ತಿನಲ್ಲೇ ಮುಂದೆ ಬಿಳಿ ಗೋಡೆಯೊಂದು ಕಂಡಿತು. ಸಮುದ್ರದ ಕಡೆಯಿಂದ ಮಂಜು ಜಾರಿಕೊಂಡು ಬರುತ್ತಿತ್ತು. ಹಿಂತಿರುಗಿ ನೋಡಿದರೆ ನಾವು ಬಂದ ನದಿಯೂ ಮುಚ್ಚಿಹೋಗಿತ್ತು. ಪೈಲಟ್ ಬೈಯಲಿಲ್ಲ, ಗಾಬರಿಯಾಗಲಿಲ್ಲ. ಕೆಳಗೆ ದೊಡ್ಡ ಕೆರೆಯೊಂದರ ಮೂಲೆ ಇನ್ನೂ ಕಾಣುತ್ತಿತ್ತು. "ಇಲ್ಲಿ ಇಳಿದು ಮಂಜು ಹೋಗೋ ತನಕ ಕಾಯೋಣ," ಎಂದು ತಿರುಗಿಸಿದರು. ಇಳಿದದ್ದು ಎಷ್ಟು ನಯವಾಗಿತ್ತೆಂದರೆ ನೀರು ತಾಕಿದ್ದೇ ಗೊತ್ತಾಗಲಿಲ್ಲ. ಆಮೇಲೆ, ವಿಮಾನಕ್ಕೆ ಚಕ್ರದ ಬದಲು ಇದ್ದ ಎರಡು ತೇಲುದೋಣಿಗಳಲ್ಲಿ ಎಡಗಡೆಯದಕ್ಕೆ ಏನೋ ಬಡಿಯಿತು. ನೀರಿನ ಮಟ್ಟಕ್ಕೇ ಮುರಿದು ನಿಂತಿದ್ದ ಹಳೆಯ ಸೈಪ್ರೆಸ್ ಮರದ ಮೋಟು ಅದು. ವಿಮಾನ ಮೂಗೂರಿ ಮಗುಚಿತು.

ತಲೆಕೆಳಗಾಗಿ ಬೆಲ್ಟಿನಲ್ಲಿ ನೇತಾಡುತ್ತಿದ್ದೆ. ಮೂಗಿಗೆ, ಕಿವಿಗೆ ತಣ್ಣನೆಯ ಕಂದು ನೀರು. ಹೊರಡುವ ಮುಂಚೆ ಪೈಲಟ್ ಹೇಳಿಕೊಟ್ಟಿದ್ದು ಒಂದೇ ನೆನಪಾಯಿತು: ಮೊದಲು ಬಾಗಿಲ ಹಿಡಿಕೆ ಹಿಡಿ, ಆಮೇಲೆ ಬೆಲ್ಟ್ ಬಿಚ್ಚು. ಒಂದು ಕೈಯಲ್ಲಿ ಬಾಗಿಲು ಹಿಡಿದು ಇನ್ನೊಂದರಲ್ಲಿ ಬೆಲ್ಟ್ ಬಿಚ್ಚಿದೆ. ಯಾವುದು ಮೇಲೆ, ಯಾವುದು ಕೆಳಗೆ ತಿಳಿಯದ ಹೊತ್ತಿನಲ್ಲಿ ಆ ಹಿಡಿಕೆ ಮಾತ್ರ ಇದ್ದಲ್ಲೇ ಇತ್ತು. ಅದನ್ನೇ ಎಳೆದುಕೊಂಡು ಹೊರಬಂದೆ. ಕಾಲು ಕೆಸರಿಗೆ ತಾಕಿತು. ನೀರು ಎದೆಯ ತನಕ ಇತ್ತು.

ಪೈಲಟ್ ಆಚೆ ಬದಿಯಿಂದ ಕೆಮ್ಮುತ್ತ ಬಂದರು. ಅವರ ಬಲಗೈ ಎದೆಗೆ ಅಂಟಿಕೊಂಡಿತ್ತು. ಕೊರಳೆಲುಬು ಮುರಿದಿದೆ ಎಂದು ಅವರೇ ಹೇಳಿದರು. ದಡ ಯಾವ ಕಡೆ ಎಂದು ಮಂಜಿನಲ್ಲಿ ಕಾಣುತ್ತಿರಲಿಲ್ಲ. ಆ ಕೆಸರಿನಲ್ಲಿ ಅವರನ್ನು ನಡೆಸುವುದೂ ಆಗದ ಮಾತು. ಮಗುಚಿದ ವಿಮಾನದ ತೇಲುದೋಣಿಗಳು ಹೊಟ್ಟೆ ಮೇಲೆ ಮಾಡಿಕೊಂಡು ನೀರ ಮೇಲಿದ್ದವು. ಅವರನ್ನು ಹೇಗೋ ಒಂದರ ಮೇಲೆ ಹತ್ತಿಸಿ, ನಾನೂ ಹತ್ತಿ ಕುಳಿತೆ. ವಿಮಾನದಿಂದ ತುರ್ತು ಸಂಕೇತ ಕಳಿಸುವ ಬೀಕನ್ನಿನ ಆಂಟೆನಾ ಈಗ ಕೆಸರಿನಲ್ಲಿತ್ತು. ನನ್ನ ಜೇಬಿನ ಫೋನು ಬದುಕಿತ್ತು, ಸಿಗ್ನಲ್ ಇರಲಿಲ್ಲ. ದೊಡ್ಡ ಬಂದೂಕು ಕೇಸು ಸಮೇತ ಕೆಳಗೆಲ್ಲೋ ಹೂತಿತ್ತು.

ಆಗಲೇ ಆ ಸದ್ದು ನನ್ನ ಗಮನಕ್ಕೆ ಬಂದದ್ದು. ಮೊದಲಿಗೆ ನೀರು ಹೊಕ್ಕ ಕಿವಿಯ ಗುಂಯ್‌ಗುಡುವಿಕೆ ಎಂದುಕೊಂಡೆ. ತಲೆ ಕೊಡವಿದರೂ ಹೋಗಲಿಲ್ಲ. ಎಲ್ಲ ದಿಕ್ಕಿನಿಂದಲೂ, ಹತ್ತಿರದಿಂದಲೂ ದೂರದಿಂದಲೂ, ಸಾವಿರಾರು ಜನ ಒಟ್ಟಿಗೆ ಮೆಲ್ಲಗೆ ಮಾತಾಡುತ್ತಿರುವಂಥ ಸದ್ದು. ನಡುನಡುವೆ ಯಾರೋ ಕೂಗಿ ಕರೆದ ಹಾಗೆ, ಇನ್ಯಾರೋ ಓಗೊಟ್ಟ ಹಾಗೆ. ಮಂಜಿನಲ್ಲಿ ಒಂದು ಹಕ್ಕಿಯೂ ಕಾಣುತ್ತಿರಲಿಲ್ಲ.

"ಹಂಸಗಳು," ಎಂದರು ಪೈಲಟ್, ಹಲ್ಲು ಕಟಕಟಿಸುತ್ತ. "ಅವುಗಳ ನಡುವೆ ಇದ್ದೀವಿ. ಮಂಜಿದ್ದಾಗ ಅವು ಹಾರಲ್ಲ."

ಅವರ ಜಾಕೆಟ್ಟಿನಲ್ಲಿದ್ದ ತೆಳ್ಳನೆಯ ಬೆಳ್ಳಿ ಬಣ್ಣದ ಹೊದಿಕೆಯನ್ನು ಬಿಚ್ಚಿ ಅವರಿಗೆ ಸುತ್ತಿದೆ. ಆಮೇಲೆ ತೊಡೆಯ ಚೀಲದಿಂದ ಬಂದೂಕು ತೆಗೆದೆ. ಬಿಚ್ಚಿ, ನಳಿಗೆಗಳ ಬಾಯಿ ಕೆಳಗೆ ಮಾಡಿದಾಗ ನೀರು ಸೋರಿತು. ನೀರು ನಿಂತ ನಳಿಗೆಯಲ್ಲಿ ಹಾರಿಸಿದರೆ ನಳಿಗೆಯೇ ಸೀಳಬಹುದು. ಪೂರ್ತಿ ಬಸಿದು, ಊದಿ, ಬೆಳಕಿಗೆ ಹಿಡಿದು ನೋಡಿ, ಕೆಳಗಿನ ನಳಿಗೆಗೆ ಒಂದು ತೋಟೆ ಹಾಕಿ ಆಕಾಶಕ್ಕೆ ಹಾರಿಸಿದೆ.

ಒಣಗಿದ ಕಡ್ಡಿ ಮುರಿದಂಥ ಸದ್ದು. ಹತ್ತಿರದ ಹಂಸಗಳು ಒಂದು ಗಳಿಗೆ ಸುಮ್ಮನಾದವು. ಆಮೇಲೆ ಮೊದಲಿಗಿಂತ ಎರಡರಷ್ಟು ಗದ್ದಲ ಎಬ್ಬಿಸಿದವು. ಖಾಲಿ ಸಿಪ್ಪೆ ನಳಿಗೆಯಲ್ಲೇ ಹಿಡಿದುಕೊಂಡಿತು. ಉಗುರು ಸೋತಿತು. ಅಂಗಿಯೊಳಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನು ನೆನಪಾಗಿ, ಅದರಿಂದ ಸಿಪ್ಪೆಯ ಅಂಚನ್ನು ಮೀಟಿ ತೆಗೆದೆ. ಎರಡನೆಯದನ್ನು ಹಾರಿಸಿದೆ. ಅದೂ ಆ ಕೂಗಿನಲ್ಲಿ ಮುಳುಗಿತು.

ಮಂಜಿನ ಆಚೆ, ಬಹಳ ದೂರದಲ್ಲಿ, ಪಟಪಟನೆ ಮೂರ್ನಾಲ್ಕು ಈಡು ಕೇಳಿಸಿದವು. ಬಾತುಕೋಳಿ ಬೇಟೆಯವರು. ಅಂದರೆ ಜನರಿದ್ದಾರೆ, ಅವರ ಬಳಿ ದೋಣಿಗಳಿವೆ. ಅವರ ಹನ್ನೆರಡು ಬೋರಿನ ಸದ್ದು ನಮಗೇ ಕಷ್ಟಪಟ್ಟು ಕೇಳಿಸುತ್ತಿತ್ತು. ನಮ್ಮ ಈ ಕಡ್ಡಿ ಮುರಿಯುವ ಸದ್ದು ಅವರಿಗೆ ಹೇಗೆ ಕೇಳಬೇಕು? ಕೇಳಿದರೂ ಇನ್ಯಾರೋ ಬೇಟೆಯಾಡುತ್ತಿದ್ದಾರೆ ಎಂದುಕೊಳ್ಳುವುದಿಲ್ಲವೇ?

ಮೂರು ತೋಟೆ ಉಳಿದಿದ್ದವು. ಟೂ ಟೂ ಗುಂಡುಗಳ ಸದ್ದು ಇದಕ್ಕಿಂತಲೂ ಸಣ್ಣದು, ಆಕಾಶಕ್ಕೆ ಹಾರಿಸಿದರೆ ದೂರ ಹೋಗಿ ಯಾರ ಮೇಲಾದರೂ ಬೀಳಬಹುದು.

"ಹಾರಿಸು," ಎಂದರು ಪೈಲಟ್.

ನಾನು ಅವರ ಹಿಂದೆ ಕುಳಿತು, ನೋಯುವ ಭುಜ ತಪ್ಪಿಸಿ, ತೋಳಿನಿಂದ ಬಳಸಿ ಹಿಡಿದಿದ್ದೆ. ಅವರ ನಡುಕ ನನ್ನ ಪಕ್ಕೆಲುಬುಗಳಿಗೆ ಬಡಿಯುತ್ತಿತ್ತು. ನನ್ನ ಮೈಯೂ ನಡುಗುತ್ತಿತ್ತು. ಆದರೆ ಒಳಗೆಲ್ಲೋ ಲೆಕ್ಕವೊಂದು ತಾನಾಗಿ ನಡೆದಿತ್ತು. ಒಂದು ಸದ್ದು ಕೇಳಬೇಕಾದರೆ ಅದು ಜೋರಾಗಿರಬೇಕು, ಇಲ್ಲವೇ ಸುತ್ತ ಮೌನವಿರಬೇಕು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದು ಹಂಸಗಳ ಕೈಯಲ್ಲಿದೆ.

"ಇವು ಮೇಯೋಕೆ ಹೋಗ್ತವೆ ಅಂದ್ರಲ್ಲ. ಇವತ್ತೂ ಹೋಗ್ತವಾ?"

"ಮಂಜು ತೆಳುವಾದ್ರೆ. ಸೂರ್ಯ ಕಂಡ್ರೆ." ಎಡಗೈಯಿಂದ ಹೊದಿಕೆ ಬಿಗಿದುಕೊಂಡು, "ಅಷ್ಟು ಹೊತ್ತು ನನ್ನಿಂದ ಆಗತ್ತೋ ಇಲ್ವೋ," ಎಂದರು. ದೂರು ಹೇಳುವ ದನಿ ಅದಾಗಿರಲಿಲ್ಲ. ಹವಾಮಾನ ಓದಿ ಹೇಳಿದಂತಿತ್ತು.

"ಈಗ ಹಾರಿಸಿದ್ರೆ ಮೂರೂ ಹಾಳು," ಎಂದೆ. "ಇವು ಏಳಲಿ. ಆಮೇಲೆ ಹಾರಿಸ್ತೀನಿ."

ಅವರು ಒಪ್ಪಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ ಹೇಳಿದರು. ಮುರಿದ ಮೂಳೆಯವರು ಅವರು, ವಿಮಾನ ಅವರದು, ಬಂದೂಕೂ ಅವರು ಕಟ್ಟಿಕೊಂಡು ಬಂದದ್ದು. ಆದರೂ ನಾನು ಹಾರಿಸಲಿಲ್ಲ. ನನ್ನ ಲೆಕ್ಕ ತಪ್ಪಿದರೆ ಇವರು ನನ್ನ ತೋಳಿನಲ್ಲೇ ಹೋಗುತ್ತಾರೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂತೆ.

ಕೈಗೆ ಕೆಲಸ ಬೇಕಿತ್ತು. ಮೂರು ತೋಟೆಗಳನ್ನು ಒಳಅಂಗಿಯೊಳಗೆ ಕಂಕುಳಲ್ಲಿಟ್ಟು ಒಣಗಿಸಿದೆ. ಮರದ ಮೋಟಿನಿಂದ ಎದ್ದಿದ್ದ ಕಡ್ಡಿಯೊಂದನ್ನು ಮುರಿದು, ಕರ್ಚೀಫು ಹಿಂಡಿ ಅದಕ್ಕೆ ಸುತ್ತಿ, ಕೆಳಗಿನ ನಳಿಗೆಯಲ್ಲಿ ತೋಟೆ ಕೂರುವ ಜಾಗವನ್ನು ಒರೆಸಿದೆ, ಮತ್ತೆ ಒರೆಸಿದೆ. ಸಿಪ್ಪೆ ಸಿಕ್ಕಿಕೊಂಡರೆ ಎಲ್ಲ ಹಾಳು. ಬೇಟೆಯವರು ಹಕ್ಕಿ ಕಂಡಾಗ ಪಟಪಟನೆ ಹೊಡೆಯುತ್ತಾರೆ. ನಮ್ಮದು ಅವರದರಂತಿರಬಾರದು. ಮೂರು ಈಡುಗಳ ನಡುವಿನ ಬಿಡುವು ಸಮನಾಗಿರಬೇಕು, ಉದ್ದವಾಗಿರಬೇಕು. ಹಾರಿದ ಸಿಪ್ಪೆಯನ್ನೇ ಹಾಕಿ, ತೆಗೆದು, ಮುಚ್ಚಿ, ತೋಟೆಗೆ ಬಡಿಯುವ ಪುಟ್ಟ ಸುತ್ತಿಗೆಯನ್ನು ಹಿಂದೆಳೆದು, ನನ್ನ ಉಸಿರನ್ನು ಲೆಕ್ಕ ಹಿಡಿದು ಅಭ್ಯಾಸ ಮಾಡಿದೆ. ಮರಗಟ್ಟಿದ ಬೆರಳುಗಳು ಎಷ್ಟು ನಿಧಾನವೋ ಅದನ್ನೇ ತಾಳವಾಗಿ ಇಟ್ಟುಕೊಂಡೆ.

ಆಗ ಪೈಲಟ್ ಅವರ ನಡುಕ ನಿಂತಿತು. ಬೆಚ್ಚಗಾಯಿತೇನೋ ಎಂದು ಮೊದಲು ಸಮಾಧಾನವಾಯಿತು. ಮರುಕ್ಷಣ, ಚಳಿಯಲ್ಲಿ ನಡುಕ ನಿಲ್ಲುವುದು ಒಳ್ಳೆಯದಲ್ಲ ಎಂದು ಎಲ್ಲೋ ಓದಿದ್ದು ನೆನಪಾಯಿತು. "ಮಾತಾಡಿ," ಎಂದೆ. "ಉತ್ತರದಲ್ಲಿ ಈ ಹಕ್ಕಿಗಳು ಗೂಡು ಎಲ್ಲಿ ಕಟ್ತವೆ ಹೇಳಿ." ಅವರು ಏನೋ ಹೇಳಿದರು. ಮಾತು ತೊದಲುತ್ತಿತ್ತು. ನಾನು ತೋಟೆಯೊಂದನ್ನು ನಳಿಗೆಗೆ ಹಾಕಿ ಮುಚ್ಚಿದೆ. ಲೆಕ್ಕ ಬಿಟ್ಟು ಹಾರಿಸಿಬಿಡಲೇ ಎನಿಸಿತು. ಬೆರಳು ಟ್ರಿಗರಿನ ಮೇಲೇ ಇತ್ತು.

ಮಂಜಿನೊಳಗೆ ಒಂದು ಕಡೆ ಬಿಳುಪು ಹೆಚ್ಚಾಯಿತು. ಅದು ಉರುಟಾಯಿತು, ತಟ್ಟೆಯಾಯಿತು, ಸೂರ್ಯ ಎಂದು ಗುರುತು ಸಿಕ್ಕಿತು. ಅದರ ಕೆಳಗೆ ಕೆರೆ ಮೆಲ್ಲಗೆ ತೆರೆದುಕೊಂಡಿತು. ನಾನು ನೀರು ಎಂದುಕೊಂಡಿದ್ದ ಕಡೆಯಲ್ಲೆಲ್ಲ ಹಂಸಗಳಿದ್ದವು. ಕಣ್ಣು ಹೋದಷ್ಟು ದೂರ ಬಿಳಿ ಬೆನ್ನುಗಳು, ಕಪ್ಪು ಕೊಕ್ಕುಗಳು, ನೆಟ್ಟಗೆ ನಿಂತ ಕೊರಳುಗಳು. ಅವುಗಳ ನಡುವೆ ನೀರಿಗೆ ಜಾಗವಿರಲಿಲ್ಲ. ಇಷ್ಟು ಹೊತ್ತೂ ನಾವು ಅವುಗಳ ಊರಿನ ನಟ್ಟನಡುವೆ ಕೂತಿದ್ದೆವು.

ಒಂದು ಸಂಸಾರ ಎದ್ದಿತು. ತಾಯಿ, ತಂದೆ, ಬೂದು ಬಣ್ಣದ ಎರಡು ಮರಿಗಳು ನೀರ ಮೇಲೆ ಓಡಿದವು. ಪಾದಗಳು ಪಟಪಟ ಬಡಿದು, ರೆಕ್ಕೆ ಗಾಳಿ ಹಿಡಿದು ಮೇಲಕ್ಕೆ ಹೋದವು. ಇನ್ನೊಂದು ಸಂಸಾರ. ಆಮೇಲೆ ಎಣಿಕೆ ಇಲ್ಲ. ಕೆರೆಯ ಆ ಅಂಚಿನಿಂದ ಹಾಸಿದ ಬಿಳಿ ಜಮಖಾನೆಯನ್ನು ಯಾರೋ ಎತ್ತಿ ಕೊಡವುತ್ತ ನಮ್ಮ ಕಡೆಗೆ ಬಂದಂತಾಯಿತು. ತೇಲುದೋಣಿಯ ತಗಡು ನಮ್ಮ ಕೆಳಗೆ ಅದುರಿತು. ತಲೆಯ ಮೇಲೆ ಹಾದುಹೋಗುವಾಗ ರೆಕ್ಕೆಗಳ ಸಿಳ್ಳೆ, ಕೊರಳುಗಳ ಕೂಗು, ಅವುಗಳ ಹೊಟ್ಟೆಯಿಂದ ಸಿಡಿದ ನೀರಿನ ಹನಿಗಳು ನಮ್ಮ ಮುಖದ ಮೇಲೆ. ಚಳಿ ಮರೆತೆ, ಕೈಯಲ್ಲಿದ್ದ ಬಂದೂಕು ಮರೆತೆ. ತೋಳಿನಲ್ಲಿದ್ದವರನ್ನೂ ಒಂದು ಗಳಿಗೆ ಮರೆತೆ. ಸೂರ್ಯ ಹಕ್ಕಿಗಳ ಹಿಂದೆ ಮರೆಯಾಗಿ, ಮತ್ತೆ ಕಂಡು, ಮತ್ತೆ ಮರೆಯಾಗುತ್ತಿತ್ತು.

ಕೊನೆಯ ಗುಂಪು ಮರಗಳ ಮೇಲೆ ದಾಟಿತು. ಕೆರೆಯ ಮೇಲೆ ಗರಿಗಳು ತೇಲುತ್ತಿದ್ದವು. ಮೌನ ಎಷ್ಟಿತ್ತೆಂದರೆ ಪೈಲಟ್ ಅವರ ಉಸಿರು ಕೇಳಿಸಿತು.

ಮೊದಲನೆಯ ತೋಟೆ. ಆ ಸಣ್ಣ ಸದ್ದು ಈಗ ಕೆರೆಯ ಮೇಲೆ ಜಾರಿ ಮರಗಳ ಸಾಲಿಗೆ ಬಡಿದು ಹಿಂತಿರುಗಿತು. ತೆರೆದೆ, ಪಿನ್ನಿನಿಂದ ಮೀಟಿದೆ, ಸಿಪ್ಪೆ ಬಂತು. ಹಾಕಿದೆ, ಮುಚ್ಚಿದೆ, ಉಸಿರು ಮುಗಿಯುವ ತನಕ ಕಾದೆ. ಎರಡನೆಯದು. ಮತ್ತೆ ಅದೇ ಬಿಡುವು. ಮೂರನೆಯದು.

ಕಾದೆವು.

ದೂರದಿಂದ ಒಂದು ಈಡು. ಬಿಡುವು. ಇನ್ನೊಂದು. ಅದೇ ಬಿಡುವು. ಮತ್ತೊಂದು.

ನನ್ನ ಬಳಿ ಉತ್ತರ ಕೊಡಲು ಚರೆ ತೋಟೆ ಇರಲಿಲ್ಲ. ಬೆಳ್ಳಿ ಹೊದಿಕೆಯ ಒಂದು ಮೂಲೆಯನ್ನು ಬಿಡಿಸಿ ಬಿಸಿಲಿಗೆ ಹಿಡಿದು ಅಲುಗಾಡಿಸುತ್ತಲೇ ಇದ್ದೆ. ಇಂಜಿನ್ ಸದ್ದು ಹತ್ತಿರವಾಯಿತು. ಹುಲ್ಲಿನ ಬಣ್ಣ ಬಳಿದ ಚಪ್ಪಟೆ ದೋಣಿ, ಅದರಲ್ಲಿ ಗಡ್ಡದ ಬೇಟೆಗಾರನೊಬ್ಬ, ಮುಂದೆ ಕಂದು ಬಣ್ಣದ ನಾಯಿ. ಆತ ಏನನ್ನೂ ಕೇಳದೆ ಪೈಲಟ್ ಅವರನ್ನು ಮಗುವಿನಂತೆ ಎತ್ತಿ ದೋಣಿಗೆ ಇಳಿಸಿಕೊಂಡ. ತನ್ನ ದಪ್ಪ ಕೋಟು ಹೊದಿಸಿ, ನಾಯಿಗೆ ಏನೋ ಹೇಳಿದ. ಅದು ಹೋಗಿ ಅವರ ಹೊಟ್ಟೆಗೆ ಒತ್ತಿಕೊಂಡು ಮಲಗಿತು.

ದಡಕ್ಕೆ ಹೋಗುತ್ತ, "ನಮ್ಮದು ಬೇಟೆ ಅಲ್ಲ ಅಂತ ಹೇಗೆ ಗೊತ್ತಾಯ್ತು?" ಎಂದು ಕೇಳಿದೆ.

"ಬಾತುಕೋಳಿ ಹೊಡೆಯೋರು ಯಾರೂ ಗಡಿಯಾರದ ಥರ ಹೊಡೆಯಲ್ಲ, ಮ್ಯಾಮ್," ಎಂದ ಆತ.

ಪೈಲಟ್ ಬದುಕಿದರು. ಮೂಳೆಗೆ ಲೋಹದ ಪಟ್ಟಿ ಹಾಕಿದರು. ವಿಮಾನವನ್ನು ಕ್ರೇನಿನಿಂದ ಎತ್ತಿದಾಗ ದೊಡ್ಡ ಬಂದೂಕು ಕೇಸಿನೊಳಗೆ ಹಾಗೇ ಇತ್ತು. ಕೆಸರು ತೊಳೆದು ಹಾರಿಸಿದರೆ ತೂತುಗಳು ಮತ್ತೆ ಒಂದೇ ಅಂಗೈಯೊಳಗೆ ಬಿದ್ದವು.

"ಮೇಡಂ, ಸ್ಕೋರ್ ಪ್ರಕಾರ ಇದೇ ವಿನ್ನರ್. ಇದನ್ನೇ ರೆಕಮೆಂಡ್ ಮಾಡ್ತೀರಾ?" ಎಂದು ಮೈಸೂರಿನ ಹುಡುಗ ಕೇಳಿದ.

"ಇಲ್ಲ. ಭಾಳ ಛಲೋ ಬಂದೂಕದು. ಆದ್ರ ಅದು ವಿಮಾನದ್ದು, ಮನುಷ್ಯಾರ್ದಲ್ಲ."

ಸಣ್ಣದನ್ನೂ ಹಾಗೇ ಒಪ್ಪಿಕೊಳ್ಳಲು ನನ್ನಿಂದಾಗಲಿಲ್ಲ. ಮೈಮೇಲಿದ್ದದ್ದಕ್ಕೆ ಅದು ನಮ್ಮನ್ನು ಉಳಿಸಿತು, ದನಿ ಸಾಲದ್ದಕ್ಕೆ ಕೈಬಿಡುವುದರಲ್ಲಿತ್ತು. ಮಂಜು ಕರಗದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಬದಿಗಿಟ್ಟಿದ್ದ ನಡುವಿನದನ್ನು ಮತ್ತೆ ಮೇಜಿಗೆ ತಂದೆ. ಇಪ್ಪತ್ತು ಬೋರಿನ ನಳಿಗೆಯನ್ನು ಕಾನೂನು ಬಿಡುವಷ್ಟು ಗಿಡ್ಡ ಮಾಡಿಸಿ, ಮಡಚುವ ಹಿಡಿಕೆ ಹಾಕಿಸಿ, ಆ ಕೆಟ್ಟ ಗುಂಡಿಯ ಬದಲು ಕೈಗವಸಿನಲ್ಲೂ ತಿಳಿಯುವಂತೆ ಎರಡು ಬೇರೆ ಬೇರೆ ಟ್ರಿಗರ್ ಇಡಿಸಿದೆವು. ತಯಾರಕರಿಗೆ ಮೂರು ಸಲ ವಾಪಸು ಕಳಿಸಬೇಕಾಯಿತು. ಕೊನೆಯ ಪರೀಕ್ಷೆ ಸದ್ದಿನದು. ಕೊಯ್ಲಾದ ಹೊಲದಲ್ಲಿ ನಾನು ಹಾರಿಸುತ್ತಿದ್ದೆ, ಹುಡುಗ ದೂರ ದೂರ ಹೋಗುತ್ತ ಕೇಳಿಸಿತೇ ಎಂದು ಕೈ ಎತ್ತುತ್ತಿದ್ದ.

"ಕೇಳಿಸ್ಕೊಳ್ಳೋಕೆ ವೀಸಾ ಪ್ರಾಬ್ಲಂ ಇಲ್ಲ ಮೇಡಂ," ಎಂದು ಫೋನಿನಲ್ಲಿ ನಗುತ್ತಿದ್ದ. ಕೊನೆಗೆ ಅವನು ಕಾಣದಷ್ಟು ದೂರ ಹೋದ. ಅಲ್ಲಿಂದಲೂ ಕೇಳಿಸಿತು ಎಂದ.

ಬೇಸಿಗೆಗೆ ಮುಂಚೆ ಪೈಲಟ್ ಅದನ್ನು ತೆಗೆದುಕೊಂಡು ಹೋಗಲು ಬಂದರು. ಸಣ್ಣದಕ್ಕಿಂತ ಭಾರ ಎಂದು ಗೊಣಗಿದರು, ತೊಡೆಗೆ ಕಟ್ಟಿಕೊಂಡು ಎದ್ದು ಕೂತು ನೋಡಿದರು, ಆಗಲಿ ಎಂದರು. ನಮ್ಮ ಮನೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಊಟ ಮಾಡಿದರು. ಬಲಗೈ ಇನ್ನೂ ಪೂರ್ತಿ ಏಳುತ್ತಿರಲಿಲ್ಲ, ಎಡಗೈಯಿಂದ ರೊಟ್ಟಿ ಮುರಿಯುತ್ತಿದ್ದರು. ಊಟದ ನಡುವೆ ತಲೆ ಎತ್ತಿ ನನ್ನನ್ನು ಕೇಳಿದರು.

"ಆವತ್ತು ನನಗೆ ಅರ್ಧ ಪ್ರಜ್ಞೆ ಇತ್ತು. ಹಾರಿಸು ಅಂತ ಬೈದದ್ದು ನೆನಪಿದೆ. ಆಮೇಲೆ ಹಕ್ಕಿಗಳು ಎದ್ದಾಗ ನೀನು ನಿನ್ನ ಭಾಷೆಯಲ್ಲಿ ಏನೋ ಹೇಳ್ತಾ ಇದ್ದೆ. ಒಂದೇ ಮಾತು, ಮತ್ತೆ ಮತ್ತೆ. ನನ್ನ ಕಿವಿ ಹತ್ತಿರವೇ. ಪ್ರಾರ್ಥನೆ ಇರಬೇಕು ಅಂದ್ಕೊಂಡೆ. ಅದನ್ನ ಹಿಡ್ಕೊಂಡೇ ಎಚ್ಚರ ಇದ್ದೆ."

ನಾನು ಏನಾದರೂ ಹೇಳಿದ ನೆನಪೇ ನನಗಿರಲಿಲ್ಲ. "ಏನಂತ ಇತ್ತು?"

ಅವರು ಸ್ವಲ್ಪ ಯೋಚಿಸಿ, ಎಚ್ಚರದಿಂದ, "ಅಬಬಬಬ," ಎಂದರು.

ನನ್ನ ಮಗಳು ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ.

"ಅದು ಪ್ರೇಯರ್ ಅಲ್ಲ ಆಂಟಿ," ಎಂದು ಕನ್ನಡದಲ್ಲೇ ಶುರುಮಾಡಿದ ಮಗಳು, ಅವರಿಗೆ ತಿಳಿಯುವುದಿಲ್ಲ ಎಂದು ಅರಿವಾಗಿ ಇಂಗ್ಲಿಷಿಗೆ ಹೊರಳಿದಳು. "ಅದಕ್ಕೆ ಅರ್ಥ ಇಲ್ಲ. ಅಮ್ಮಂಗೆ ಯಾವ ಮಾತೂ ಸಿಗ್ದೇ ಇದ್ದಾಗ ಅದು ಬರತ್ತೆ, ಅಷ್ಟೇ."

ಪೈಲಟ್ ತಲೆಯಾಡಿಸಿದರು. ಅದನ್ನು ಇನ್ನೊಮ್ಮೆ, ಮೆಲ್ಲಗೆ, ತಮ್ಮಷ್ಟಕ್ಕೆ ಹೇಳಿಕೊಂಡು ನೋಡಿದರು. ಆಮೇಲೆ ಎಡಗೈಯಿಂದ ಇನ್ನೊಂದು ತುಂಡು ರೊಟ್ಟಿ ಮುರಿದರು.